ತಾತನ ಜೊತೆ ಆಡಿದ ಚೌಕಾಬಾರ: ನಿಮ್ಮ ಮನೆಯ ನಿಯಮಗಳು ಹೇಗಿದ್ದವು?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮಂಡ್ಯದ ಹತ್ತಿರವಿರುವ ನಮ್ಮ ಊರಿನ ಮನೆಗೆ ಸುಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡುವಾಗ ತಾತನ ಹಿತ್ತಾಳೆಯ ಎಲೆಯಡಿಕೆ ಡಬ್ಬಿ ಸಿಕ್ಕಿತು. ಮುಚ್ಚಳ ತೆರೆದರೆ ಒಳಗೆ ನಾಲ್ಕು ಕವಡೆ, ನಾಲ್ಕು ಹಸಿರು ಬಳೆಚೂರು, ನಾಲ್ಕು ಹುಣಸೆಬೀಜ ಮತ್ತು ಹೊಳೆಯಿಂದ ಆರಿಸಿ ತಂದ ಎರಡು ಬಿಳಿಕಲ್ಲು ಇದ್ದವು. ಬಿಳಿಕಲ್ಲುಗಳೂ ಮೊದಲು ನಾಲ್ಕೇ ಇದ್ದವೆಂಬುದು ನನಗೆ ಚೆನ್ನಾಗಿ ನೆನಪಿದೆ. ತಾತ ತೀರಿಕೊಂಡು 22 ವರ್ಷಗಳಾದವು, ಅಷ್ಟು ಕಾಲವೂ ಆ ಡಬ್ಬಿಯನ್ನು ಯಾರೂ ಮುಟ್ಟಿರಲಿಲ್ಲ.

ಬೇಸಿಗೆ ರಜೆಯಲ್ಲಿ ಮಧ್ಯಾಹ್ನದ ಊಟವಾಗಿ ಮನೆಯವರೆಲ್ಲ ಅಲ್ಲಲ್ಲೇ ಅಡ್ಡಾದ ಮೇಲೆ ತಾತನ ಮತ್ತು ನನ್ನ ಚೌಕಾಬಾರದ ಆಟ ಆರಂಭವಾಗುತ್ತಿತ್ತು. ಜಗಲಿಯ ಚಪ್ಪಡಿಯಲ್ಲಿ ಯಾವ ಕಾಲದಲ್ಲೋ ಯಾರೋ ಐದು ಸಾಲು, ಐದು ಅಡ್ಡಸಾಲು ಕೆತ್ತಿದ್ದರು. ತಾತ ಮೊದಲು ಒದ್ದೆ ಬಟ್ಟೆಯಿಂದ ಆ ಚಪ್ಪಡಿಯನ್ನು ಒರೆಸಿ, ಅದು ಒಣಗುವವರೆಗೂ ಕಾದು, ಎಲೆಗೆ ಹಚ್ಚುವ ಸುಣ್ಣವನ್ನೇ ಬೆರಳ ತುದಿಯಲ್ಲಿ ತೆಗೆದು ಕಾಯಿಗಳು ಹೊರಡುವ ನಾಲ್ಕು ಕಟ್ಟೆಗಳಿಗೂ ನಡುವಿನ ಮನೆಗೂ ಗುಣಾಕಾರದ ಗುರುತು ಎಳೆಯುತ್ತಿದ್ದರು. ಕೆತ್ತಿದ ಗುರುತು ಅಲ್ಲಿ ಮೊದಲೇ ಇತ್ತು. ಆದರೂ ಸುಣ್ಣ ಎಳೆಯದೆ ಅವರು ಒಂದು ದಿನವೂ ಕವಡೆ ಕೈಗೆ ತೆಗೆದುಕೊಂಡವರಲ್ಲ.

ತಾತ ಬೇಕೆಂದೇ ಸೋತು ನನ್ನನ್ನು ಗೆಲ್ಲಿಸಿದ್ದು ಒಮ್ಮೆಯೂ ಇಲ್ಲ. ಇನ್ನೊಂದೇ ಹೆಜ್ಜೆಗೆ ನಡುಮನೆ ಸೇರಿ ಹಣ್ಣಾಗಬೇಕಿದ್ದ ನನ್ನ ಬಳೆಚೂರನ್ನು ಹೊಡೆದು ಅವರು ಮತ್ತೆ ನನ್ನ ಕಟ್ಟೆಗೆ ಕಳಿಸಿದಾಗ ನಾನು ಅಳುತ್ತಿದ್ದೆ, ಆಗ ಒಳಗಿನಿಂದ ಅಜ್ಜಿ “ಮಗೂಗೆ ಒಂದಾಟ ಬಿಟ್ಟುಕೊಡಬಾರದಾ?” ಎಂದು ಗದರುತ್ತಿದ್ದರು. “ಬಿಟ್ಟುಕೊಟ್ರೆ ನಾನು ಯಾರ ಜೊತೆ ಆಡ್ಲಿ?” ಎನ್ನುವುದು ತಾತನ ಉತ್ತರವಾಗಿತ್ತು. ಆ ಮಾತಿನ ಅರ್ಥ ಅಂದು ನನಗೆ ತಿಳಿಯದಿದ್ದರೂ, ನನ್ನನ್ನು ಸಮಾನ ಆಟಗಾರಳೆಂದು ಅವರು ಎಣಿಸಿದ್ದಾರೆಂಬ ಹೆಮ್ಮೆ ಮಾತ್ರ ಅಳುವಿನ ನಡುವೆಯೂ ಉಂಟಾಗುತ್ತಿತ್ತು.

ಈಗ ಎಂಟು ವರ್ಷದ ಮಗಳಿಗೆ ಆಟ ಕಲಿಸಲು ಕುಳಿತರೆ ಕೆಲವು ನಿಯಮಗಳು ಮರೆತುಹೋಗಿವೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ನಮ್ಮ ಕಾಯಿಗಳು ಒಳಸುತ್ತಿಗೆ ಹೋಗಬಹುದೇ? ಒಂದರ ಹಿಂದೊಂದು ಮೂರು ಸಲ ಚೌಕ, ಅಂದರೆ ನಾಲ್ಕು ಕವಡೆಗಳೂ ಬಾಯಿ ಮೇಲಾಗಿ, ಬಿದ್ದರೆ ಏನು ಮಾಡುತ್ತಿದ್ದರು? ಇನ್ನೊಂದು ಸಂದೇಹ ನಿಯಮದ್ದಲ್ಲ, ಅದೃಷ್ಟದ್ದು. ನಮ್ಮ ಮನೆಯಲ್ಲಿ ಚೌಕ ಆಗಾಗ ಬೀಳುತ್ತಿತ್ತು, ನಾಲ್ಕೂ ಬಾಯಿ ಕೆಳಗಾಗಿ ಬೀಳುವ ಬಾರ ಮಾತ್ರ ತೀರ ಅಪರೂಪವಾಗಿತ್ತು. ಅದು ಬಿದ್ದ ದಿನ ಮಲಗಿದ್ದವರೂ ಎದ್ದು ಬಂದು ನೋಡುತ್ತಿದ್ದರು. ಬೇರೆಯವರ ಮನೆಗಳಲ್ಲೂ ಹೀಗೆಯೇ ಇತ್ತೇ? ನಿಮ್ಮ ತಾತ, ಅಜ್ಜ ನಿಮಗೆ ಕಲಿಸಿದ ಆಟಗಳ ನೆನಪಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.

ಮೂರನೇ ಅಡ್ಡರಸ್ತೆ:

ನಾನು ಮೈಸೂರಿನವನು, ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು. ಕೂಡುವುದು, ಕಳೆಯುವುದು ಎರಡನ್ನೂ ನಾನು ಸ್ಲೇಟು ಹಿಡಿಯುವ ಮೊದಲೇ ತಾತನ ಪಕ್ಕದಲ್ಲಿ ಕುಳಿತು ಇದೇ ಆಟದಿಂದ ಕಲಿತೆ. ಹೀಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ಮೊದಲು ನಿಯಮದ ಮಾತು. ಐದು ಮನೆಯ ಚೌಕದಲ್ಲಿ ಹೊರಸುತ್ತಿಗೆ 16 ಮನೆ, ಒಳಸುತ್ತಿಗೆ 8, ನಡುವೆ ಹಣ್ಣಿನ ಮನೆ ಒಂದು, ಒಟ್ಟು 25. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತನ್ನು ಅಪ್ರದಕ್ಷಿಣವಾಗಿ ನಡೆದು, ತನ್ನ ಕಟ್ಟೆಯ ಹಿಂದಿನ ಮನೆಯವರೆಗೆ ಬಂದು, ಅಲ್ಲಿಂದ ಒಳಸುತ್ತಿಗೆ ತಿರುಗಿ ಪ್ರದಕ್ಷಿಣವಾಗಿ ಸಾಗಿ ನಡುಮನೆ ಸೇರಬೇಕು. ಹೀಗೆ ಪ್ರತಿಯೊಂದು ಕಾಯಿಯೂ 24 ಹೆಜ್ಜೆ ನಡೆಯುತ್ತದೆ, ಯಾವ ಮನೆಯನ್ನೂ ಬಿಡದೆ ಎಲ್ಲ 25 ಮನೆಗಳನ್ನೂ ದಾಟುತ್ತದೆ. ನನ್ನ ತಾತ ಇದನ್ನು “ಊರೆಲ್ಲ ಸುತ್ತಿ ಮನೆಗೆ ಬರೋದು” ಎಂದು ಹೇಳಿಕೊಟ್ಟಿದ್ದರು.

ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬುದೇ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇದ್ದ ನಿಯಮ. ಒಂದು ಕಾಯಿಯನ್ನಾದರೂ ಹೊಡೆಯುವವರೆಗೆ ಹೊರಸುತ್ತಿನಲ್ಲೇ ಮತ್ತೆ ಮತ್ತೆ ಸುತ್ತಬೇಕಾಗುತ್ತಿತ್ತು. ಚಿಕ್ಕ ಮಕ್ಕಳೊಡನೆ ಆಡುವಾಗ ಕೆಲವರು ಇದನ್ನು ಕೈಬಿಡುತ್ತಿದ್ದರು. ನಿಮ್ಮ ತಾತನ ಸ್ವಭಾವವನ್ನು ನೀವು ಬರೆದಿರುವುದನ್ನು ನೋಡಿದರೆ ಅವರು ಕೈಬಿಟ್ಟಿರಲಿಕ್ಕಿಲ್ಲ ಎನ್ನಿಸುತ್ತದೆ. ಚೌಕಕ್ಕೂ ಬಾರಕ್ಕೂ ಮತ್ತೊಂದು ಸಲ ಕವಡೆ ಹಾಕುವ ಅವಕಾಶವಿತ್ತು, ಹೊಡೆದರೂ ಇತ್ತು. ಮೂರು ಸಲ ಒಂದೇ ಗರ (ಕವಡೆ ಬಿದ್ದ ಲೆಕ್ಕ) ಬಿದ್ದರೆ ನಮ್ಮ ಮನೆಯಲ್ಲಿ ಮೂರೂ ಕೊಳೆತುಹೋದವು ಎಂದು ಲೆಕ್ಕಕ್ಕೆ ಹಿಡಿಯದೆ ಕವಡೆಯನ್ನು ಎದುರಿನವರಿಗೆ ಕೊಡುತ್ತಿದ್ದೆವು. ಇದರಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸವಿತ್ತು, ನಮ್ಮ ಪಕ್ಕದ ಮನೆಯವರು ಮೂರನೆಯದನ್ನು ಮಾತ್ರ ಬಿಡುತ್ತಿದ್ದರು.

ಇನ್ನು ಬಾರದ ಸಂದೇಹ. ನಾಲ್ಕು ಕವಡೆಗಳೂ ಬಾಯಿ ಮೇಲಾಗಿಯೂ ಕೆಳಗಾಗಿಯೂ ಸಮನಾಗಿ ಬೀಳುತ್ತವೆ ಎಂದು ಇಟ್ಟುಕೊಂಡರೆ ಒಟ್ಟು 16 ರೀತಿಗಳಾಗುತ್ತವೆ. ಅವುಗಳಲ್ಲಿ ಎರಡು ಬೀಳುವುದು 6 ರೀತಿ, ಒಂದು ಮತ್ತು ಮೂರು ತಲಾ 4 ರೀತಿ, ಎಲ್ಲವೂ ಬಾಯಿ ಮೇಲಾದ ಚೌಕ ಒಂದೇ ರೀತಿ, ಎಲ್ಲವೂ ಬಾಯಿ ಕೆಳಗಾದ ಬಾರವೂ ಒಂದೇ ರೀತಿ. ಅಂದರೆ ಚೌಕ ಎಷ್ಟು ಅಪರೂಪವೋ ಬಾರವೂ ಅಷ್ಟೇ ಅಪರೂಪವಾಗಿರಬೇಕು. ನಿಮ್ಮ ಮನೆಯಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಆಗಿದ್ದರೆ ಕಾರಣವನ್ನು ಕವಡೆಗಳಲ್ಲೇ ಹುಡುಕಬೇಕು. ಕವಡೆ ನಾಣ್ಯದ ಹಾಗಲ್ಲ. ಅದರ ಬಾಯಿಯ ಬದಿ ಚಪ್ಪಟೆ, ಬೆನ್ನು ಉಬ್ಬು, ಸಾಲದ್ದಕ್ಕೆ ಒಂದೊಂದರ ತೂಕವೂ ಬೇರೆ. ದಯವಿಟ್ಟು ನಿಮ್ಮ ನಾಲ್ಕು ಕವಡೆಗಳನ್ನು ಬೆಳಕಿಗೆ ಹಿಡಿದು ಬೆನ್ನಿನ ಕಡೆ ನೋಡಿ. ಅವುಗಳಲ್ಲಿ ಒಂದರ ಬೆನ್ನು ಸವೆದೋ ಒಡೆದೋ ಚಪ್ಪಟೆಯಾಗಿದ್ದರೆ ಅದು ಬಹಳ ಸಲ ಬಾಯಿ ಮೇಲಾಗಿಯೇ ಕೂರುತ್ತದೆ. ಅದು ಸದಾ ಹಾಗೆಯೇ ಕೂರುತ್ತದೆ ಎಂದು ಭಾವಿಸಿದರೆ ಬಾರ ಬೀಳುವ ದಾರಿಯೇ ಮುಚ್ಚಿಹೋಗುತ್ತದೆ, 16ಕ್ಕೆ 1 ಆಗಿದ್ದ ಚೌಕ 8ಕ್ಕೆ 1 ಆಗುತ್ತದೆ.

ಮೈಸೂರಿಗೆ ಬಂದಾಗ ಮಗಳನ್ನು ಜಗನ್ಮೋಹನ ಅರಮನೆಗೆ ಕರೆದೊಯ್ಯಿರಿ ಎಂದು ನನ್ನ ವಿನಂತಿ. ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿ ಇದ್ದವರು, ತಾವೇ ಹೊಸ ಆಟಗಳನ್ನು ರಚಿಸಿದವರು; ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೌತುಕನಿಧಿ ಎಂಬ ಭಾಗ ಇಂಥ ಆಟಗಳಿಗೇ ಮೀಸಲಾಗಿದೆ. ಅವರ ಆಟಗಳ ಚಿತ್ರಗಳು ಆ ಅರಮನೆಯ ಗೋಡೆಯ ಮೇಲಿವೆ. ನನ್ನ ತಾತ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಗೋಡೆಯ ಮುಂದೆ ಬಹಳ ಹೊತ್ತು ನಿಂತು, “ದೊರೆಗಳೂ ಆಡ್ತಿದ್ರು ನೋಡು” ಎಂದು ಮೆಲುದನಿಯಲ್ಲಿ ಹೇಳಿದ್ದರು. ಆಟವಾಡಿ ಕಾಲ ಕಳೆಯುತ್ತಾರೆ ಎಂದು ಮನೆಯಲ್ಲಿ ಅವರನ್ನು ಆಕ್ಷೇಪಿಸುತ್ತಿದ್ದರು, ಬಹುಶಃ ಅದಕ್ಕೆ ಅವರು ಕಂಡುಕೊಂಡ ಸಮಾಧಾನ ಅದಾಗಿತ್ತು. ಇದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತ ಬಂದಿದ್ದಾರೆ. ಕುಶಲಕರ್ಮಿಗಳು ಮಾಡಿದ ಮಣೆಗಳನ್ನೂ ಬಟ್ಟೆಯ ಹಾಸುಗಳನ್ನೂ ನಾನು ಅಲ್ಲಿ ನೋಡಿದ್ದೇನೆ.

ತುಂಗೆಯ ತಿರುವು:

ನಮ್ಮದು ಶಿವಮೊಗ್ಗದ ಕಡೆಯ ಹಳ್ಳಿ, ಈಗ ಪುಣೆಯಲ್ಲಿದ್ದೇವೆ. ನಮ್ಮ ಮನೆಯಲ್ಲಿ ಕವಡೆ ಇರಲಿಲ್ಲ. ಅಜ್ಜಯ್ಯ ನಾಲ್ಕು ಹುಣಸೆಬೀಜಗಳ ಒಂದೊಂದು ಬದಿಯನ್ನು ಬಾವಿಕಟ್ಟೆಯ ಒರಟು ಕಲ್ಲಿಗೆ ತೇಯ್ದು, ಬಿಳಿ ಬರಿಸಿ, ಅವುಗಳನ್ನೇ ಗರ ಹಾಕಲು ಬಳಸುತ್ತಿದ್ದರು. ಬಿಳಿ ಬದಿ ಮೇಲೆ ಬಂದರೆ ಲೆಕ್ಕಕ್ಕೆ ಸಿಗುತ್ತಿತ್ತು. ತೇಯುವ ಕೆಲಸ ನನ್ನದಾಗಿತ್ತು. ತೇಯುತ್ತ ಹೋದಂತೆ ಬೀಜ ಬೆರಳಿಗೆ ಬಿಸಿಯಾಗುವುದು, ಅದರಿಂದ ಹುರಿದಂಥ ಒಂದು ವಾಸನೆ ಬರುವುದು ನನಗೆ ಇಂದಿಗೂ ನೆನಪಿದೆ. ಇಲ್ಲಿನ ಮೊಮ್ಮಕ್ಕಳಿಗೆ ಕಳೆದ ದಸರೆಯಲ್ಲಿ ಹಾಗೆಯೇ ಮಾಡಿಕೊಟ್ಟೆ. ಹೊಡೆಯದೆ ಒಳಗೆ ಬಿಡುವ ಪದ್ಧತಿ ನಮ್ಮಲ್ಲೂ ಇರಲಿಲ್ಲ.

ಎರೆಹೊಲ:

ನಮ್ಮ ಅಜ್ಜ ಆಡಿಸುತ್ತಿದ್ದುದು ಹುಲಿ-ಕುರಿ ಆಟ. ಗದಗದ ಕಡೆ ನಮ್ಮೂರಿನ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಅದರ ಗೆರೆಗಳನ್ನು ಕೊರೆದಿದ್ದರು. ಹಂಪಿಯ ಗುಡಿಗಳ ನೆಲಗಲ್ಲಿನಲ್ಲಿ ಅಂಥ ಆಟದ ಗೆರೆಗಳನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ಆ ಕಟ್ಟೆಯೇ. ತ್ರಿಕೋನದಂಥ ಆ ಮನೆಯಲ್ಲಿ ಗೆರೆಗಳು ಕೂಡುವ ಜಾಗಗಳು 23. ಹುಲಿಗಳು 3, ಕುರಿಗಳು 15. ಕುರಿ ಆಡುವವನು ಒಂದೊಂದಾಗಿ ಕುರಿಗಳನ್ನು ಇಡುತ್ತ ಹೋಗಬೇಕು, ಹುಲಿ ಆಡುವವನು ಕುರಿಯ ಮೇಲಿನಿಂದ ಜಿಗಿದು ಆಚೆಯ ಖಾಲಿ ಜಾಗದಲ್ಲಿ ಕುಳಿತು ಅದನ್ನು ತಿನ್ನಬೇಕು. ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಗಳ ಗೆಲುವು.

ಅಜ್ಜ ನಿಜವಾಗಿಯೂ ಕುರಿ ಕಾಯ್ದವರು. ನನಗೆ ಯಾವಾಗಲೂ ಕುರಿಗಳನ್ನೇ ಕೊಡುತ್ತಿದ್ದರು. ನಾನು ಅವಸರದಲ್ಲಿ ಒಂದು ಕುರಿಯನ್ನು ಹುಲಿಯ ಪಕ್ಕಕ್ಕೆ ಇಟ್ಟರೆ ಅವರು ಕೂಡಲೇ ತಿನ್ನುತ್ತಿರಲಿಲ್ಲ, ಆ ಹರಳಿನ ಮೇಲೆ ಬೆರಳಿಟ್ಟು “ಇದರ ಬೆನ್ನಿಗೆ ಯಾರ ಅದಾರೋ ತಮ್ಮಾ?” ಎಂದು ಕೇಳುತ್ತಿದ್ದರು. ಆಚೆಯ ಜಾಗ ಖಾಲಿ ಇದ್ದರೆ ನಾನು ಉತ್ತರ ಹೇಳಲಾರದೆ ತಲೆ ತಗ್ಗಿಸುತ್ತಿದ್ದೆ, ಅವರು ಕೇಳಿದ ಮೇಲೂ ಕುರಿಯನ್ನು ತಿಂದೇ ತಿನ್ನುತ್ತಿದ್ದರು. ಇಟ್ಟ ಕುರಿಯನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಪ್ರಶ್ನೆ ಮುಂದಿನ ಕುರಿಗಾಗಿತ್ತು ಎಂಬುದು ನನಗೆ ಅರ್ಥವಾಗಲು ಒಂದು ಪೂರ್ತಿ ಬೇಸಿಗೆಯೇ ಬೇಕಾಯಿತು. ನಂತರ ಹುಲಿಯ ಹತ್ತಿರ ಹೋಗದೆ ಅಂಚಿನಿಂದ ಇಡುತ್ತ ಬರುವುದನ್ನು ಕಲಿತೆ. ಮೊದಲ ಸಲ ಮೂರೂ ಹುಲಿಗಳನ್ನು ಕಟ್ಟಿದ ದಿನ ಅಜ್ಜ ಬಹಳ ಹೊತ್ತು ಮನೆ ನೋಡುತ್ತ ಕುಳಿತರು, ಎಲ್ಲಾದರೂ ದಾರಿ ಇದೆಯೇ ಎಂದು ಪ್ರತಿಯೊಂದು ಗೆರೆಯ ಮೇಲೂ ಬೆರಳಾಡಿಸಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ಮೂರು ಹುಲಿಗಳನ್ನೂ ಎತ್ತಿ ನನ್ನ ಅಂಗೈಯಲ್ಲಿಟ್ಟು, “ನಾಳಿಂದ ಹುಲಿ ನಿಂದು” ಎಂದರು.

ಪಡುಗಡಲು:

ಮೇಲಿನವರ ಬರಹಗಳನ್ನೆಲ್ಲ ಓದಿ ಬಹಳ ಸಂತೋಷವಾಯಿತು. ನಾನು ಉಡುಪಿಯ ಕಡೆಯವಳು, ನಮ್ಮ ಆಟ ಚೆನ್ನೆಮಣೆ. ಹಲಸಿನ ಮರದ ಆ ಮಣೆಯಲ್ಲಿ ಸಾಲಿಗೆ ಏಳರಂತೆ 14 ಗುಳಿಗಳಿದ್ದವು. ಒಂದೊಂದು ಗುಳಿಗೆ ನಾಲ್ಕರಂತೆ 56 ಕೆಂಪು ಮಂಜೊಟ್ಟಿ ಬೀಜಗಳನ್ನು ತುಂಬಿ ಆಟ ಆರಂಭಿಸುತ್ತಿದ್ದೆವು. ಬೇರೆ ಊರುಗಳವರು ಇದನ್ನೇ ಅಳಗುಳಿಮಣೆ ಎನ್ನುತ್ತಾರೆ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು ಎರಡು ಕಡೆಯೂ ಒಂದೇ.

ಚೆನ್ನೆಗೆ ತುಳುವರ ಆಟಿ ತಿಂಗಳೇ ಕಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಬಿಡದೆ ಸುರಿಯುವಾಗ, ನೇಜಿ (ಭತ್ತದ ಸಸಿ) ನೆಟ್ಟು ಮುಗಿದು ಗದ್ದೆಯ ಕೆಲಸ ಹಗುರಾದಾಗ, ಅಜ್ಜ ಸೂರಿಗೆ ಸಿಕ್ಕಿಸಿಟ್ಟಿದ್ದ ಮಣೆಯನ್ನು ಇಳಿಸುತ್ತಿದ್ದರು. ನಾನು ಮತ್ತು ನನ್ನ ಅಕ್ಕ ಮಾತ್ರ ಎದುರುಬದುರು ಕುಳಿತು ಆಡುವಂತಿರಲಿಲ್ಲ. ಒಡಹುಟ್ಟಿದವರು ಚೆನ್ನೆ ಆಡಬಾರದು ಎಂಬುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟಾಗಿತ್ತು. ಸಿರಿ ಪಾಡ್ದನ ಎಂಬ ತುಳು ಕಥನಗೀತೆಯಲ್ಲಿ ಅಬ್ಬಗೆ-ದಾರಗೆ ಎಂಬ ಅವಳಿ ಅಕ್ಕತಂಗಿಯರ ಕಥೆ ಬರುತ್ತದೆ: ಚೆನ್ನೆ ಆಡುವಾಗ ಜಗಳ ಹತ್ತಿ, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳ ತಲೆಗೆ ಹೊಡೆದು ಸಾಯಿಸಿ, ಕೊನೆಗೆ ತಾನೂ ಬಾವಿಗೆ ಹಾರಿದಳು. ಅಜ್ಜ ಆ ಕಥೆಯನ್ನು ಮಣೆ ಇಳಿಸುವ ದಿನ ಪ್ರತಿವರ್ಷವೂ ಹೇಳುತ್ತಿದ್ದರು, ನಾವು ಪ್ರತಿವರ್ಷವೂ ಮೊದಲ ಸಲ ಕೇಳಿದವರಂತೆ ಹೆದರುತ್ತಿದ್ದೆವು.

ನಾವಿಬ್ಬರೂ ಎದುರಾಗುವಂತಿಲ್ಲದ್ದರಿಂದ ಅಜ್ಜನೇ ಎದುರಾಳಿಯಾಗಬೇಕಾಗಿತ್ತು. ಬೆಳಿಗ್ಗೆ ಅಕ್ಕನ ಜೊತೆ ಒಂದಾಟ, ಮಧ್ಯಾಹ್ನ ನನ್ನ ಜೊತೆ ಒಂದಾಟ. ನಾವು ಮಕ್ಕಳು ಎಷ್ಟೇ ಇದ್ದರೂ ಆ ಒಂದು ಗಂಟೆ ಅಜ್ಜ ಒಬ್ಬರಿಗೇ ಸೇರಿದವರಾಗಿರುತ್ತಿದ್ದರು. ದೊಡ್ಡ ಕೂಡುಕುಟುಂಬದಲ್ಲಿ ಬೆಳೆದವರಿಗೆ ಅದು ಎಷ್ಟು ದೊಡ್ಡದೆಂಬುದು ಗೊತ್ತಿರುತ್ತದೆ.

ಕೊನೆಕೊನೆಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಕೆಂಪು ಬೀಜಗಳು ಕಾಣುತ್ತಿರಲಿಲ್ಲ. ಆದರೂ ಆಟ ನಿಲ್ಲಲಿಲ್ಲ. ಗುಳಿಯೊಳಗೆ ತೋರುಬೆರಳು, ನಡುಬೆರಳು ಇಳಿಸಿ ಒಮ್ಮೆ ಮೆಲ್ಲಗೆ ಆಡಿಸಿದರೆ ಎಷ್ಟು ಬೀಜಗಳಿವೆಯೆಂದು ಅವರಿಗೆ ತಿಳಿಯುತ್ತಿತ್ತು. ಹಾಗೆ ಹದಿನಾಲ್ಕು ಗುಳಿಗಳನ್ನೂ ಒಮ್ಮೆ ಮುಟ್ಟಿ ನೋಡಿದರೆ ಆಮೇಲೆ ಲೆಕ್ಕವೆಲ್ಲ ಮನಸ್ಸಿನಲ್ಲೇ ಇರುತ್ತಿತ್ತು. ನಾನು ಬಿತ್ತುವಾಗ ಬೀಜ ಮರಕ್ಕೆ ತಾಗುವ ಸದ್ದನ್ನು ಕೇಳಿ ಎಲ್ಲಿಗೆ ಬಂದು ನಿಂತೆನೆಂದು ಹೇಳುತ್ತಿದ್ದರು. ಒಮ್ಮೆ ನಾನು ಅವರಿಗೆ ಕಾಣುವುದಿಲ್ಲವೆಂದು ಒಂದು ಬೀಜವನ್ನು ಬೇರೆ ಗುಳಿಗೆ ಸರಿಸಿದೆ. ಅವರು ಏನೂ ಹೇಳಲಿಲ್ಲ. ತಮ್ಮ ಸರದಿ ಬಂದಾಗ ಆ ಗುಳಿಗೆ ಬೆರಳಿಟ್ಟು, ಒಂದು ಬೀಜ ತೆಗೆದು, ಅದು ಮೊದಲಿದ್ದ ಗುಳಿಗೇ ಹಾಕಿ ಆಟ ಮುಂದುವರಿಸಿದರು. ನಾನು ಮತ್ತೆಂದೂ ಹಾಗೆ ಮಾಡಲಿಲ್ಲ. ಅವರು ಆ ವಿಷಯವನ್ನು ಅಕ್ಕನಿಗೂ ಹೇಳಲಿಲ್ಲ ಎಂಬ ಕೃತಜ್ಞತೆ ನನಗೆ ಇಂದಿಗೂ ಇದೆ.

ಹೊಂಗೆನೆರಳು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಡುಗಡಲು ಅವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಅವರು ಇನ್ನೊಮ್ಮೆ ಓದು ಎಂದರು.

ಮೂರನೇ ಅಡ್ಡರಸ್ತೆಯವರೇ, ನೀವು ಹೇಳಿದಂತೆ ಕವಡೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂರು ಕವಡೆಗಳು ಬಿಳಿಯಾಗಿ, ಬೆನ್ನು ದುಂಡಾಗಿ ಇವೆ. ನಾಲ್ಕನೆಯದು ಹಳದಿಗೆ ತಿರುಗಿದೆ, ಸ್ವಲ್ಪ ದೊಡ್ಡದು, ಅದರ ಬೆನ್ನನ್ನು ಪೂರ್ತಿ ತೇಯ್ದು ತೂತು ಮಾಡಲಾಗಿದೆ, ತೂತಿನ ಅಂಚಿನಲ್ಲಿ ದಾರ ಉಜ್ಜಿದ ಗುರುತಿದೆ. ಅಮ್ಮನಿಗೆ ತೋರಿಸಿದ ಕೂಡಲೇ ಅವರು ಗುರುತಿಸಿದರು. ಅದು ನಮ್ಮ ಎತ್ತಿನ ಕೊರಳಪಟ್ಟಿಯ ಕವಡೆಯಂತೆ. ಡಬ್ಬಿಯ ಕವಡೆಯೊಂದು ಕಳೆದುಹೋದಾಗ, ಅದನ್ನು ಕಳೆದದ್ದು ನಾನೇ ಎಂದು ಅಮ್ಮ ಹೇಳುತ್ತಾರೆ, ನನಗೆ ಆಗ ಆರು ವರ್ಷವಿರಬೇಕು, ತಾತ ಕೊಟ್ಟಿಗೆಗೆ ಹೋಗಿ ಪಟ್ಟಿಯಿಂದ ಒಂದನ್ನು ಬಿಚ್ಚಿ ತಂದು ಸೇರಿಸಿದರಂತೆ. ಸಂತೆಯಲ್ಲಿ ಹೊಸ ಕವಡೆ ಸಿಗುತ್ತಿತ್ತು, ತರಬಹುದಿತ್ತು. ಆದರೆ ಆ ಎತ್ತು ಅದೇ ವರ್ಷ ಸತ್ತಿತ್ತು ಎಂದು ಅಮ್ಮ ಹೇಳಿದರು. ನನಗೆ ಎತ್ತಿನ ನೆನಪು ಸ್ವಲ್ಪವೂ ಇಲ್ಲ.

ಮಗಳು ಈಗ ಹಳದಿ ಕವಡೆಯನ್ನು ಬೇರೆ ಇಟ್ಟು ನೋಡುತ್ತಿದ್ದಾಳೆ. ನಿನ್ನೆ ಸಂಜೆ ಅದೊಂದನ್ನೇ ನೆಲಕ್ಕೆ ಹಾಕುತ್ತ ಹೋದಳು, ಬಾಯಿ ಮೇಲಾದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದಳು, ಪುಟ ತುಂಬಿತು. ಮೂರು ಚೌಕ ಕೊಳೆಯುವ ನಿಯಮ ಅವಳಿಗೆ ಅನ್ಯಾಯವೆನ್ನಿಸಿದೆ. ಹೊಡೆಯದೆ ಒಳಗಿಲ್ಲ ಎಂಬುದಕ್ಕೆ ಒಪ್ಪಿದ್ದಾಳೆ.

ಊರಿನ ಚಪ್ಪಡಿ ಇಲ್ಲಿಲ್ಲದ್ದರಿಂದ ಬಾಲ್ಕನಿಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದಿದ್ದೇವೆ. ಕಳೆದ ಭಾನುವಾರ ಅವಳ ಹುಣಸೆಬೀಜ ಒಳಸುತ್ತಿನ ಕೊನೆಯ ಮನೆಯಲ್ಲಿ ನಿಂತಿತ್ತು, ನನಗೆ ಎರಡು ಬಿದ್ದರೆ ಹೊಡೆಯಬಹುದಿತ್ತು, ಎರಡೇ ಬಿತ್ತು. ಒಂದು ಕ್ಷಣ ಕೈ ತಡೆಯಿತು. ಬಳೆಚೂರನ್ನು ಎರಡು ಮನೆ ನಡೆಸಿ ಅವಳ ಬೀಜವನ್ನು ಎತ್ತಿ ಅವಳ ಕಟ್ಟೆಗೆ ಇಟ್ಟೆ. ಅವಳು ತುಟಿ ಕಚ್ಚಿಕೊಂಡಳು, ಅಳಲಿಲ್ಲ, ಕವಡೆಗಾಗಿ ಕೈ ಚಾಚಿದಳು.